ಸಹಾಯ ಬೇಕು: ಶಿಕ್ಷಕರ ಕೆಲಸಕ್ಕೆ ಅಂಕ ಯಾರಿಂದ ಕೊಡಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಡ್. ಎರಡನೇ ವರ್ಷದಲ್ಲಿದ್ದೇನೆ. ಹೈಸ್ಕೂಲ್ ಶಿಕ್ಷಕರ ಭಾವನಾತ್ಮಕ ಬುದ್ಧಿವಂತಿಕೆಗೂ (ತಮ್ಮ ಮತ್ತು ಬೇರೆಯವರ ಭಾವನೆಗಳನ್ನು ಅರಿತು ನಿಭಾಯಿಸುವ ಶಕ್ತಿ) ಅವರ ಕೆಲಸಕ್ಕೂ ಸಂಬಂಧ ಇದೆಯಾ ಅಂತ ನೋಡುವುದು ನನ್ನ ವಿಷಯ. ಈ ಬುದ್ಧಿವಂತಿಕೆ ಅಳೆಯುವುದಕ್ಕೆ ತೊಂದರೆ ಇಲ್ಲ, ವಾಂಗ್ ಮತ್ತು ಲಾ ಅವರು 2002ರಲ್ಲಿ ಮಾಡಿದ 16 ಹೇಳಿಕೆಗಳ ಮಾಪಕವನ್ನೇ ಕನ್ನಡಕ್ಕೆ ತಂದುಕೊಂಡಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಕೆಲಸ ಅಳೆಯುವಲ್ಲಿ.

ಮೊದಲು ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕಿಕೊಳ್ಳಲಿ ಅಂತ ಶಿಕ್ಷಕರಿಗೇ ಫಾರ್ಮ್ ಕೊಟ್ಟೆ. ಒಬ್ಬ ಮೇಡಂ ಪೆನ್ನು ಹಿಡಿದುಕೊಂಡೇ "ಇದು ಬಿಇಒ ಆಫೀಸಿಗೆ ಹೋಗುತ್ತೇನಮ್ಮಾ?" ಅಂತ ಕೇಳಿದರು, ಇಲ್ಲ ಅಂದರೂ ನಂಬದೆ ಎಲ್ಲದಕ್ಕೂ ಪೂರ್ತಿ 5 ಹಾಕಿ ಕೊಟ್ಟರು. ತಪ್ಪು ಅವರದಲ್ಲ. ಆದರೆ ಬುದ್ಧಿವಂತಿಕೆಯದು, ಕೆಲಸದ್ದು ಎರಡೂ ಫಾರ್ಮನ್ನು ಒಬ್ಬರೇ ತುಂಬಿದರೆ ಇಲ್ಲದ ಸಂಬಂಧವೂ ಇದ್ದ ಹಾಗೆ ಕಾಣುತ್ತೆ ಅಲ್ವಾ? ಆಮೇಲೆ ಹೆಡ್‌ಮಾಸ್ಟರ್ ಹತ್ತಿರ ಕೇಳಿದೆ, ಅವರು 11 ಜನಕ್ಕೂ ಒಂದೇ ಅಂಕ ಕೊಟ್ಟರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಹಿಡಿಯೋಣ ಅಂದರೆ ಎಂಟು, ಒಂಬತ್ತಕ್ಕೆ ಮಾತ್ರ ಪಾಠ ಮಾಡುವವರು ಬಿಟ್ಟುಹೋಗುತ್ತಾರೆ, ಅದೂ ಅಲ್ಲದೆ ಅಳುತ್ತಾ ಬಂದ ಮಗುವನ್ನು ಪಕ್ಕ ಕೂರಿಸಿಕೊಂಡು ಸಮಾಧಾನ ಮಾಡುವ ಟೀಚರ್ ಕೆಲಸ ಯಾವ ರಿಸಲ್ಟಿನಲ್ಲೂ ಬರುವುದಿಲ್ಲ. ನನಗೆ ಮುಖ್ಯ ಅದೇ.

ಈಗ 9ನೇ ತರಗತಿ ಮಕ್ಕಳಿಂದ, ಹೆಸರು ಬರೆಸದೆ, ಫಾರ್ಮ್ ತುಂಬಿಸಬೇಕು ಅಂದುಕೊಂಡಿದ್ದೇನೆ. ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳ ಉತ್ತರ ಸಾಕು? ಹೆಡ್‌ಮಾಸ್ಟರ್ ಅಂಕವನ್ನೂ ಅದರ ಜೊತೆ ಸೇರಿಸಬೇಕಾ, ಬೇರೆಯಾಗಿಯೇ ಇಡಬೇಕಾ?