ವೈರಿನ ‘ಮೂರೆಳೆ’ ಅಂದರೆ ಯಾವ ಮೂರು?

ಗೆಳೆಯರೇ, ಒಂದು ಪದ ಬೇಕಾಗಿದೆ. ವೈರಿನ ಅಂಗಡಿಯಲ್ಲಿ ‘ತ್ರೀ ಕೋರ್’ ಅಂತಾರಲ್ಲ, ಆ ‘ಕೋರ್’ಗೆ ಕನ್ನಡದಲ್ಲಿ ಏನಂತೀರಿ? ನಾನು ‘ಎಳೆ’ ಅಂತ ಬರೆದು ಕೆಟ್ಟೆ. ಕತೆ ಹೇಳದೆ ಸುಮ್ನೆ ಪದ ಕೇಳಿದರೆ ನೀವು ನಿಘಂಟು ತೆಗೆದು ‘ತಿರುಳು’ ಅಂತ ಹೇಳಿ ಕೈ ತೊಳೆದುಕೊಳ್ಳುತ್ತೀರಿ. ಅದಕ್ಕೇ ಮೊದಲು ಕತೆ.

ನಾನಿರುವುದು ಪುಣೆಯ ಕೋಥ್ರೂಡಿನಲ್ಲಿ. ನಮ್ಮಣ್ಣ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಅದರೊಳಗೆ ಎರಡು ಮಂಚ, ಸಣ್ಣ ಫ್ರಿಜ್ಜು, ಇಂಡಕ್ಷನ್ ಒಲೆ, ಒಂದು ಏಸಿ ಎಲ್ಲಾ ಕೂರಿಸಿದ್ದಾನೆ. ಅಮೆರಿಕದವರು ಇಂಥದ್ದಕ್ಕೆ ಆರ್‌ವಿ ಅಂತಾರೆ, ಅಣ್ಣ ಕ್ಯಾರವಾನ್ ಅಂತಾನೆ, ಅತ್ತಿಗೆ ‘ನಿಮ್ಮ ಬಿಡಾರ’ ಅಂತಾರೆ. ಅತ್ತಿಗೆಯ ಮಾತಿನಲ್ಲಿ ಕೊಂಕಿದೆ, ಆದರೆ ಮೂರರಲ್ಲಿ ಅದೇ ಒಳ್ಳೆಯ ಪದ. ಗೋವಾಕ್ಕೆ ಹೋಗದ ದಿನಗಳಲ್ಲಿ ಬಿಡಾರ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲೇ ನಿಂತಿರುತ್ತದೆ. ನಿಂತಾಗ ಬ್ಯಾಟರಿ ಚಾರ್ಜ್ ಆಗಬೇಕು, ಫ್ರಿಜ್ಜು ನಡೀಬೇಕು, ಊರಿಂದ ನೆಂಟರು ಬಂದರೆ ಅದರಲ್ಲೇ ಮಲಗುತ್ತಾರೆ, ಆಗ ಏಸಿಯೂ ಬೇಕು. ನಮ್ಮ ಮೀಟರಿಗೆ ಸೇರಿದ ಪ್ಲಗ್ ಪಾಯಿಂಟು ಅಲ್ಲಿಂದ 20 ಮೀಟರ್ ದೂರ.

ಗಾಡಿ ನೋಡಿಕೊಳ್ಳುವವರು ನಮ್ಮ ಡ್ರೈವರ್, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಮರಾಠಿ ಸಲೀಸಾಗಿ ಮಾತಾಡುತ್ತಾರೆ, ಓದುವುದು ಮಾತ್ರ ಕನ್ನಡ. ವೈರು ತರುವ ಕೆಲಸ ಅವರದು, ಚೀಟಿ ಬರೆಯುವ ಕೆಲಸ ನನ್ನದು. ಕನ್ನಡದ ಹುಮ್ಮಸ್ಸಿನಲ್ಲಿ ನಾನು ಬರೆದದ್ದು ಇಷ್ಟು: ‘ಮೂರೆಳೆಯ ತಾಮ್ರದ ತಂತಿ, 20 ಮೀಟರ್.’

ಸಂಜೆ ಬಂದು ನೋಡಿದರೆ ಬಿಡಾರದ ಪಕ್ಕದಲ್ಲಿ ಬೂದು ಬಣ್ಣದ ಹಳೇ ವೈರು ಬಿದ್ದಿದೆ. ಯಾವುದೋ ಫ್ಲ್ಯಾಟಿನ ವೈರಿಂಗ್ ಕಿತ್ತಾಗ ಉಳಿದದ್ದಂತೆ, ದುಡ್ಡು ಕೊಡುವುದೂ ಬೇಡ. ಎರಡು ತುಂಡು ಮಾಡಿ, ಒಂದಕ್ಕೊಂದು ಹೊಸೆದು, ಎರಡು ತುದಿಗೂ ಟೇಪು ಸುತ್ತಿದ್ದಾರೆ. ನಾನು ಮುಖ ನೋಡಿದ್ದಕ್ಕೆ ಬ್ಲೇಡಿನಿಂದ ಒಂದರ ತುದಿ ಸುಲಿದು ತೋರಿಸಿದರು. ಒಳಗೆ ಕಡ್ಡಿಯಷ್ಟು ಗಟ್ಟಿಯಾದ ತಾಮ್ರದ ಎಳೆಗಳು, ಒಂದಕ್ಕೊಂದು ತಿರುಚಿಕೊಂಡು ನಿಂತಿವೆ. “ಎಣಿಸೇ ತಂದೀನ್ರಿ ಸಾಹೇಬ್ರ. ಮೂರು ಎಳಿ ಅದಾವ ನೋಡ್ರಿ.”

ಅವರ ತಪ್ಪು ಒಂದಿಷ್ಟೂ ಇಲ್ಲ. ಹಳೇ ಎಲೆಕ್ಟ್ರಿಷಿಯನ್ನರು ಈಗಲೂ ‘ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ’ ಅಂತಾರೆ, ಅಂದರೆ 3/20, 7/20. ಗೇಜ್ ಅಂದರೆ ದಪ್ಪ ಹೇಳುವ ನಂಬರು, ಇಪ್ಪತ್ತನೇ ಗೇಜಿನ ಎಳೆ ಮೂರು ಅಥವಾ ಏಳು ಅಂತ ಅರ್ಥ. ಅವರು ತಂದದ್ದು ಅದೇ 3/20. ಆ ಮೂರು ಎಳೆಗೂ ಸೇರಿ ಮೇಲೆ ಒಂದೇ ಪ್ಲಾಸ್ಟಿಕ್ಕು, ಕರೆಂಟಿನ ಲೆಕ್ಕದಲ್ಲಿ ಅದು ಒಂದೇ ವೈರು. ನನಗೆ ಬೇಕಾಗಿದ್ದದ್ದು ಕರೆಂಟು ತರುವ ಫೇಸ್, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್, ಸೋರಿದ್ದನ್ನು ನೆಲಕ್ಕೆ ಇಳಿಸುವ ಅರ್ತ್ ಅಂತ ಬೇರೆ ಬೇರೆ ಮೂರು ವೈರು, ಒಂದೇ ತೊಗಲಿನೊಳಗೆ. ಈಗಿನ ವೈರುಗಳಲ್ಲಿ ಎಳೆಗಳು ಕೂದಲಿನಂತೆ ಸಣ್ಣ. ತಾಮ್ರದ ಅಡ್ಡಕೊಯ್ತ ಎರಡೂವರೆ ಚದರ ಮಿಲಿಮೀಟರ್ ಇರುವ ಒಂದು ವೈರಿನಲ್ಲಿ 36 ಎಳೆ, ಒಂದೊಂದೂ 0.3 ಮಿಲಿಮೀಟರು. ಮೂರು ವೈರಿಗೆ 108 ಎಳೆ ಆಯಿತು. ಹಾಗಿರುವಾಗ ‘ಮೂರೆಳೆ’ ಅನ್ನೋದು ಯಾವ ಲೆಕ್ಕ!

ಪದದ ಕತೆ ಹೀಗಿದ್ದರೂ ನಗುವ ವಿಷಯ ಅಲ್ಲ. ಅವರು ಹೊಸೆದದ್ದು ಎರಡೇ ವೈರು, ಅರ್ತ್ ಇಲ್ಲ. ಗಾಡಿಯ ಮೈ ಪೂರ್ತಿ ತಗಡು, ನಿಂತಿರುವುದು ರಬ್ಬರ್ ಚಕ್ರದ ಮೇಲೆ. ಒಳಗೆಲ್ಲೋ ಫೇಸ್ ವೈರು ತಗಡಿಗೆ ತಾಗಿದರೆ ಆ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿಯೇ ಇಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಾರಾದರೂ ಬಾಗಿಲ ಹಿಡಿ ಮುಟ್ಟಿದರೆ ಅವರೇ ದಾರಿ. ಪುಣೆಯ ಮಳೆಗಾಲ ನಿಮಗೆ ಗೊತ್ತಲ್ಲ. ಅವತ್ತೇ ಅದನ್ನು ಬಿಚ್ಚಿಸಿದೆವು, ಪಾಯಿಂಟಿನ ಹಿಂದೆ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ, ಅಂದರೆ ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚನ್ನೂ, ಹಾಕಿಸಿದೆವು. ಅಂದಹಾಗೆ, ನಮ್ಮ ಡ್ರೈವರ್ ಅರ್ತ್‌ಗೆ ‘ಅರ್ಥ’ ಅಂತಲೇ ಅನ್ನೋದು. “ಅರ್ಥ ಇಲ್ಲದ ವೈರು” ಅಂತ ಅವರು ಹೇಳಿದಾಗ ಅದು ನನ್ನ ಚೀಟಿಗೂ ಸೇರಿ ಅಂದಂತಿತ್ತು.

ಇದರ ನಡುವೆ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನ ಫೋನು. ಅವನ ಹತ್ತಿರ ನಿಜವಾದ ಆರ್‌ವಿ ಇದೆ. “10 ಗೇಜ್ ತಗೋ, ಕಣ್ಣು ಮುಚ್ಚಿ ತಗೋ” ಅಂದ. ಅವರಲ್ಲಿ 120 ವೋಲ್ಟು, ಆರ್‌ವಿಯ ಪಿನ್ನು 30 ಆಂಪಿನದು. ಗುಣಿಸಿದರೆ 3600 ವ್ಯಾಟ್. ನಮ್ಮ 230 ವೋಲ್ಟಿನಲ್ಲಿ ಅಷ್ಟೇ ವ್ಯಾಟಿಗೆ 16 ಆಂಪ್ ಸಾಕು, ವೈರೂ ಅಷ್ಟು ದಪ್ಪ ಬೇಡ. ಅವನ 10 ಗೇಜ್ ಅಂದರೆ ಐದೂಕಾಲು ಚದರ ಮಿಲಿಮೀಟರ್. ಅವನ ಲೆಕ್ಕದಲ್ಲಿ ನಂಬರು ಇಳಿದಂತೆ ವೈರು ದಪ್ಪ. ಇಲ್ಲಿ ಪುಣೆಯ ತಪ್ಕೀರ್ ಗಲ್ಲಿಯ ವೈರಿನ ಅಂಗಡಿಯವನ ಲೆಕ್ಕವೇ ಬೇರೆ. ಅವನು ಕೇಳೋದು “ಅಡೀಚ್ ಕೀ ಚಾರ್?” ಎರಡೂವರೆಯೋ ನಾಲ್ಕೋ ಅಂತ, ಅಲ್ಲಿ ನಂಬರು ಏರಿದಂತೆ ದಪ್ಪ. ನಾನು ಎರಡನೇ ಚೀಟಿಯಲ್ಲಿ ‘ದೊಡ್ಡ ನಂಬರಿನ ವೈರು’ ಅಂತ ಬರೆಯಲು ಹೊರಟಿದ್ದೆ, ಪುಣ್ಯಕ್ಕೆ ಬರೆಯಲಿಲ್ಲ. ಬರೀ ‘ದಪ್ಪ’ ಅಂದರೂ ಮೋಸ, ಪ್ಲಾಸ್ಟಿಕ್ಕೇ ದಪ್ಪಗಿದ್ದು ಒಳಗೆ ತಾಮ್ರ ಬಡಕಲಾಗಿರುವ ವೈರುಗಳು ಬೇಕಾದಷ್ಟು ಸಿಗುತ್ತವೆ. ಕೊನೆಗೆ ‘ತಾಮ್ರ ಎರಡೂವರೆ’ ಅಂತ ಬರೆದೆ.

ಎರಡೂವರೆ ಯಾಕೆ ಅಂತ ಕೇಳುವವರಿಗೆ: ಇಂಡಕ್ಷನ್ ಒಲೆ 2000 ವ್ಯಾಟ್, ಏಸಿ ಸುಮಾರು 1200, ಒಟ್ಟು 3200. ಅದನ್ನು 230ರಿಂದ ಭಾಗಿಸಿದರೆ ಹತ್ತಿರ ಹತ್ತಿರ 14 ಆಂಪ್. ಮನೆಯಲ್ಲಿ ಟಿವಿಗೆ ಹಾಕುವ 6 ಆಂಪಿನ ಸಣ್ಣ ಪಿನ್ನು ಇದಕ್ಕೆ ಆಗಲ್ಲ, 16ರ ದಪ್ಪ ಪಿನ್ನೇ ಬೇಕು. ಇನ್ನು 1 ಚದರ ಮಿಲಿಮೀಟರಿನ ತೆಳು ವೈರಿನಲ್ಲಿ ಹೋಗಿ ಬರುವ ದಾರಿ 40 ಮೀಟರ್, ತಡೆ 0.7 ಓಮ್. ಬರೀ 10 ಆಂಪ್ ಹರಿದರೂ 70 ವ್ಯಾಟ್ ಬಿಸಿ ಆ ವೈರಿನಲ್ಲೇ ಉಳಿಯುತ್ತದೆ, ಹಳೇ ಕಾಲದ ಗುಂಡು ಬಲ್ಬೊಂದು ಉರಿದಷ್ಟು. ಎರಡೂವರೆಯದಾದರೆ 28 ವ್ಯಾಟ್. ಅದೂ ಉದ್ದಕ್ಕೆ ಹಾಸಿದ್ದರೆ ಪರವಾಗಿಲ್ಲ, ಉಳಿದದ್ದನ್ನು ಸುರುಳಿ ಸುತ್ತಿ ಮೂಲೆಗಿಟ್ಟರೆ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ‘ಸುರುಳಿ ಪೂರ್ತಿ ಬಿಚ್ಚಿ ಬಳಸಿ’ ಅಂತ ಚೀಟಿಯಲ್ಲಿ ಹಾಕಿದ್ದೇನೆ, ಈ ಒಂದು ಸಾಲು ಮಾತ್ರ ಯಾರಿಗೂ ತಪ್ಪು ತಿಳಿದಿಲ್ಲ.

ಈಗ ಪದಗಳಿಗೆ ಬರೋಣ. ‘ತಂತಿ’ ಅಂದರೆ ನನ್ನ ಕಿವಿಗೆ ಬರಿಮೈಯದು: ವೀಣೆಯ ತಂತಿ, ಮುಳ್ಳುತಂತಿ. ಮೇಲೆ ಪ್ಲಾಸ್ಟಿಕ್ಕು ಬಂದ ಕೂಡಲೇ ಅದು ವೈರು. ‘ಕಂಬಿ’ ಹೇಳೋಣ ಅಂದರೆ ಕನ್ನಡದಲ್ಲಿ ಅದು ರೈಲಿಗೂ ಜೈಲಿಗೂ ಹೋಗಿಬಿಟ್ಟಿದೆ. ‘ಎಳೆ’ಯನ್ನು ಸಣ್ಣ ತಾಮ್ರದ ನೂಲಿಗೇ ಬಿಡಬೇಕು, ಅದು ಅಲ್ಲಿಗೆ ಒಪ್ಪುವ ಪದ. ತಾಮ್ರವನ್ನು ತೂತಿನಿಂದ ತೂತಿಗೆ ಎಳೆದೆಳೆದೇ ತಾನೇ ಸಣ್ಣ ಮಾಡೋದು? ಗೇಜಿನ ನಂಬರು ತಲೆಕೆಳಗಾಗಿರುವುದೂ ಅದಕ್ಕೇ, ಹೆಚ್ಚು ಸಲ ಎಳೆದಷ್ಟೂ ನಂಬರು ಜಾಸ್ತಿ, ವೈರು ತೆಳು. ಅದರ ಮೇಲೆ ಏಸಿ ಜಾಸ್ತಿ ಕರೆಂಟು ‘ಎಳೆಯುತ್ತದೆ’ ಅಂತ ಬೇರೆ ಅಂತೀವಿ. ಒಂದೇ ಚೀಟಿಯಲ್ಲಿ ಎಷ್ಟು ಎಳೆ!

‘ಕೋರ್’ಗೆ ‘ತಿರುಳು’ ನನಗೆ ಬೇಡ. ಹಣ್ಣಿಗೆ ಒಂದೇ ತಿರುಳು, ‘ಮೂರು ತಿರುಳಿನ ವೈರು’ ಅಂದರೆ ಹಲಸಿನಕಾಯಿ ಬಿಡಿಸಿದಂತೆ ಕೇಳುತ್ತದೆ. ‘ನರ’ ಒಂದು ಮಟ್ಟಿಗೆ ಓಕೆ, ಮೂರು ನರದ ವೈರು. ‘ಒಳವೈರು’ ಅಂದರೆ ಗೋಡೆಯೊಳಗಿನ ವೈರು ಅಂದುಕೊಳ್ಳುವ ಭಯ. ಚೀಟಿಯಲ್ಲಿ ಸದ್ಯಕ್ಕೆ ಉಳಿದಿರುವುದು ‘ಒಳಗೆ ಮೂರು ಬಣ್ಣದ ವೈರಿರಬೇಕು: ಕಂದು, ನೀಲಿ, ಹಸಿರು-ಹಳದಿ’ ಅನ್ನುವ ಉದ್ದದ ಸಾಲು. ಕೆಲಸ ಆಯಿತು, ಪದ ಆಗಲಿಲ್ಲ.

ಇಡೀ ಎಕ್ಸ್‌ಟೆನ್ಶನ್ ವೈರಿಗೆ ಮಾತ್ರ ಪದ ತಾನಾಗಿ ಸಿಕ್ಕಿತು. ‘ವಿಸ್ತರಣಾ ತಂತಿ’ ಅಂದರೆ ಸಂಪುಟ ವಿಸ್ತರಣೆ ನೆನಪಾಗುತ್ತೆ. ಮೊನ್ನೆ ಬೆಳಗ್ಗೆ ಗೋವಾದ ಕಾಣಕೋಣಕ್ಕೆ ಹೊರಟಾಗ ಡ್ರೈವರ್ ಸೀಟಿನಿಂದಲೇ ಕೂಗಿದರು, “ಸಾಹೇಬ್ರ, ಕಣ್ಣಿ ಬಿಚ್ಚೀರೇನ್ರಿ?” ನನಗೆ ಒಂದು ಕ್ಷಣ ಹೊಳೆಯಲಿಲ್ಲ. ನೋಡಿದರೆ ಗಾಡಿಯ ಪಕ್ಕೆಯಿಂದ ಗೋಡೆಯವರೆಗೆ ಕಿತ್ತಳೆ ಬಣ್ಣದ ವೈರು, ಗೂಟಕ್ಕೆ ಕಟ್ಟಿದ ಎಮ್ಮೆಯ ಹಗ್ಗದ ಹಾಗೆಯೇ. ಈಗ ಸ್ಟಿಯರಿಂಗಿನ ಹತ್ತಿರ ‘ಕಣ್ಣಿ ಬಿಚ್ಚಿದೆಯಾ?’ ಅಂತ ಬರೆದು ಅಂಟಿಸಿದ್ದೇವೆ. ಮೈಸೂರು ಕಡೆಯವರಿಗೆ ಕಣ್ಣಿ ಅಂದ ತಕ್ಷಣ ಹಸು ಕಟ್ಟುವ ಹಗ್ಗ ಹೊಳೆಯುತ್ತದೋ, ಬರೀ ಕುಣಿಕೆ ಹೊಳೆಯುತ್ತದೋ ಹೇಳಿ.

ಮತ್ತೆ ಆ ‘ಕೋರ್’. ಬೋರ್‌ವೆಲ್ ಮೋಟರಿಗೆ ಚಪ್ಪಟೆ ಕೇಬಲ್ ಇಳಿಸುತ್ತಾರಲ್ಲ, ಅದರೊಳಗೂ ಮೂರೇ ಇರುವುದು. ತ್ರೀ ಫೇಸ್ ಮೋಟರಾದರೆ ಅಲ್ಲಿ ಮೂರೂ ಫೇಸೇ, ಅರ್ತ್ ಅಲ್ಲ, ಅದು ಬೇರೆ ಮಾತು. ಆದರೆ ಊರಿನಲ್ಲಿ ಅದನ್ನು ಸುಲಿದು ಜೋಡಿಸುವವರು ಆ ಮೂರಕ್ಕೆ ಏನಾದರೂ ಒಂದು ಹೆಸರು ಹೇಳಿಯೇ ಹೇಳುತ್ತಾರೆ ಅಲ್ವಾ? ನಿಮ್ಮ ಕಡೆ ಏನಂತಾರೆ?