ಮಂಗಳೂರಿನಲ್ಲಿ ಮೂರು ದಿನ: ಕಾರಿಲ್ಲದೆ, ವಯಸ್ಸಾದ ತಾಯಿಯೊಡನೆ

ಕೇಳಿದ್ದು: ಡಿಸೆಂಬರ್ ಎರಡನೆಯ ವಾರ ತಾಯಿಯವರೊಂದಿಗೆ ಮೂರು ದಿನಗಳ ಮಟ್ಟಿಗೆ ಮಂಗಳೂರಿಗೆ ಹೊರಟಿದ್ದೇನೆ. ಅವರಿಗೆ 68 ವರ್ಷ. ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹೆಚ್ಚಾದರೆ ಮಂಡಿ ನೋಯುತ್ತದೆ. ಅವರು ಸಸ್ಯಾಹಾರಿ, ನಾನು ಮೀನು ತಿನ್ನುತ್ತೇನೆ. ಸ್ವಂತ ವಾಹನವಿಲ್ಲ. ಕಡಲತೀರಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವುದನ್ನು ನೋಡಲೇಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದನ್ನು ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಹಿಂದೊಮ್ಮೆ ತಂದೆಯವರನ್ನು ಕರೆದೊಯ್ದವರ ಉತ್ತರ: ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಉಳ್ಳಾಲ ಎಂದು ನಾಲ್ಕು ತೀರಗಳನ್ನು ಒಂದೇ ದಿನಕ್ಕೆ ಜೋಡಿಸಿಕೊಂಡು ಬಾಡಿಗೆ ಕಾರಿನಲ್ಲಿ ಸುತ್ತಿದೆವು. ಸಂಜೆಗೆ ತಂದೆಯವರು, ‘ಸಮುದ್ರ ಒಂದೇ ಅಲ್ಲವೇನಪ್ಪಾ, ನಾಲ್ಕು ಕಡೆ ಹೋಗಿ ಏಕೆ ನೋಡಿದೆವು?’ ಎಂದರು. ಮರುದಿನ ನಗರದೊಳಗೇ ಉಳಿದೆವು, ಪ್ರವಾಸ ನಿಜವಾಗಿ ಆರಂಭವಾದದ್ದು ಆಗಲೇ.

ಬಾವುಟಗುಡ್ಡೆಯ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಕನಿಷ್ಠ ಒಂದು ಗಂಟೆಯನ್ನು ಮೀಸಲಿಡಿ. ಹೊರಗಿನಿಂದ ನೋಡಿದರೆ ಅದರೊಳಗೆ ಇಷ್ಟು ಇದೆ ಎಂದು ಅನ್ನಿಸುವುದೇ ಇಲ್ಲ. 1880ರ ದಶಕದಲ್ಲಿ ಕಟ್ಟಿದ ಈ ಪ್ರಾರ್ಥನಾ ಮಂದಿರದ ಗೋಡೆ, ಕಮಾನು, ಚಾವಣಿಗಳನ್ನೆಲ್ಲ ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ರೈಸ್ತ ಸಂಘದ ಸಹೋದರ ಆಂಟೋನಿಯೋ ಮೊಸ್ಕೇನಿ ಚಿತ್ರಗಳಿಂದ ತುಂಬಿದ್ದಾರೆ. ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು, ಉಳಿದವು ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕಾದ ಭಿತ್ತಿಚಿತ್ರಗಳು. ಬಣ್ಣವು ಸುಣ್ಣದೊಂದಿಗೆ ಒಣಗಿ ಗೋಡೆಯದೇ ಭಾಗವಾಗುವುದರಿಂದ ಅಲ್ಲಿ ತಪ್ಪಿದರೆ ಒರೆಸಿ ತಿದ್ದುವ ಅವಕಾಶವಿಲ್ಲ ಎಂಬುದನ್ನು ತಿಳಿದು ಮತ್ತೊಮ್ಮೆ ತಲೆಯೆತ್ತಿ ನೋಡಿದಾಗ, ನನಗೆ ಆ ಚಾವಣಿ ಬೇರೆಯಾಗಿಯೇ ಕಂಡಿತು. ತಾಯಿಯವರು ಬೆಂಚಿನ ಮೇಲೆ ಕುಳಿತೇ ಎಲ್ಲವನ್ನೂ ನೋಡಬಹುದು.

ಕದ್ರಿ ಮಂಜುನಾಥ ದೇವಾಲಯಕ್ಕೆ ಹೋದಾಗ ದರ್ಶನ ಮುಗಿಸಿ ತಕ್ಷಣ ಹೊರಡಬೇಡಿ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಅದರ ಪೀಠದಲ್ಲಿರುವ ಶಾಸನವು ಆಳುಪ ದೊರೆ ಕುಂದವರ್ಮನು ಅದನ್ನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ. ನಾವು ಅದನ್ನು ಗಮನಿಸಿದ್ದು ತೀರ ಆಕಸ್ಮಿಕವಾಗಿ, ಮಳೆಗೆ ಸಿಕ್ಕಿ ಒಳಗೇ ನಿಲ್ಲಬೇಕಾಗಿ ಬಂದದ್ದರಿಂದ. ದೇವಾಲಯದ ಹಿಂದಿನ ಕೆರೆಗಳಿಗೂ ಮೇಲಿನ ಜೋಗಿಮಠಕ್ಕೂ ಮೆಟ್ಟಿಲು ಹತ್ತಬೇಕು. ತಾಯಿಯವರು ಕೆಳಗೇ ಉಳಿಯುವುದು ಒಳ್ಳೆಯದು.

ಊಟದ ವಿಷಯ ಮಾತ್ರ ಬಲ್ಲವರ ಉತ್ತರ: ಮೇಲಿನವರು ಹೊಟ್ಟೆಯ ವಿಚಾರವನ್ನೇ ಮರೆತಿದ್ದಾರೆ. ಬೆಳಿಗ್ಗೆ ತಾಯಿಯವರಿಗೆ ಬನ್ಸ್ ತಿನ್ನಿಸಿ. ಹೆಸರು ಕೇಳಿ ಬೇಕರಿಯ ಬನ್ನು ಎಂದು ಭಾವಿಸುವವರುಂಟು. ಇದು ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಎಣ್ಣೆಯಲ್ಲಿ ಕರಿದದ್ದು. ಮೂಡೆ ಸಿಕ್ಕಿದರೆ ಬಿಡಬೇಡಿ. ಇಡ್ಲಿಯ ಹಿಟ್ಟೇ ಆದರೂ ಕೇದಗೆಯ ಓಲೆಯ ಕೊಟ್ಟೆಯಲ್ಲಿ ಬೆಂದಾಗ ಬರುವ ಪರಿಮಳ ತಟ್ಟೆಯ ಇಡ್ಲಿಗೆ ಬರುವುದಿಲ್ಲ. ಎಲ್ಲರೂ ಪತ್ರೊಡೆಯನ್ನು ಹೇಳುತ್ತಾರೆ, ಆದರೆ ಅದು ಕೆಸುವಿನ ಎಲೆ ಚಿಗುರುವ ಮಳೆಗಾಲದ ತಿಂಡಿ. ಡಿಸೆಂಬರಿನಲ್ಲಿ ಅದನ್ನು ಹುಡುಕಿಕೊಂಡು ಅಲೆಯುವುದು ನನಗೆ ವ್ಯರ್ಥವೆಂದು ತೋರುತ್ತದೆ.

ನೀವು ಮೀನು ತಿನ್ನುವವರಾದರೆ ಸರಿಯಾದ ಸಮಯಕ್ಕೇ ಹೋಗುತ್ತಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಹೋಗಿ ಶೀತಲೀಕರಿಸಿದ ಮೀನು ತಿಂದು ಬೇಸರಗೊಂಡವನು ನಾನು. ಹೋಟೆಲಿನಲ್ಲಿ ಮೆನು ಕೇಳುವ ಬದಲು, ಇಂದು ಯಾವ ಮೀನು ಬಂದಿದೆ ಎಂದು ಕೇಳಿ. ಬಂಗುಡೆಯಿದ್ದರೆ ಹುಳಿ-ಖಾರದ ಪುಳಿಮುಂಚಿ, ಕಾಣೆಯಿದ್ದರೆ ರವೆ ಹಚ್ಚಿ ಹುರಿದದ್ದು, ಜೊತೆಗೆ ಕುಚ್ಚಲಕ್ಕಿ ಅನ್ನ. ಮೀನೂಟದ ಚಿಕ್ಕ ಹೋಟೆಲುಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಹೋದರೆ ಒಳ್ಳೆಯ ಮೀನೆಲ್ಲ ಖಾಲಿಯಾಗಿರುತ್ತದೆ. ತಾಯಿಯವರನ್ನು ಅಲ್ಲಿ ಕೂರಿಸಿ ಮುಜುಗರಪಡಿಸುವುದಕ್ಕಿಂತ ಅವರಿಗೆ ಬೇರೆಡೆ ನೀರುದೋಸೆ ಕೊಡಿಸಿ, ಅನಂತರ ನೀವು ತಿನ್ನುವುದು ಲೇಸು.

ಹಳೆಯ ಬಂದರಿನ ಬಳಿ ಕೆಲ ಕಾಲ ಬಾಳಿದವರ ಉತ್ತರ: ರೈಲಿನಲ್ಲಿ ಬರುವುದಾದರೆ ಟಿಕೆಟಿನ ಮೇಲಿನ ನಿಲ್ದಾಣದ ಹೆಸರನ್ನು ಎರಡು ಬಾರಿ ಓದಿಕೊಳ್ಳಿ. ಮಂಗಳೂರು ಸೆಂಟ್ರಲ್ ಪೇಟೆಯ ನಡುವಿದೆ, ಮಂಗಳೂರು ಜಂಕ್ಷನ್ ಕಂಕನಾಡಿಯ ಕಡೆಗಿದೆ. ಒಂದರಲ್ಲಿ ಹತ್ತಬೇಕಾದ ರೈಲಿಗೆ ಇನ್ನೊಂದರಲ್ಲಿ ಕಾದು ನಾನು ಪ್ರಯಾಣವನ್ನೇ ಕಳೆದುಕೊಂಡಿದ್ದೇನೆ. ಬಸ್ಸಿನ ನಿರ್ವಾಹಕರು ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದು ಕೂಗಿದರೆ ಅದು ಬ್ಯಾಂಕಿಗೆ ಹೋಗುವವರಿಗಾಗಿ ಅಲ್ಲ; ನಗರದ ಬಸ್ಸುಗಳು ಬಂದು ತಂಗುವ ಜಾಗಕ್ಕೇ ಆ ಹೆಸರು. ಅಲ್ಲಿಂದ ಬಂದರು ಹತ್ತಿರ.

ಬಂದರಿನ ಬೀದಿಗಳಿಗೆ ಬೆಳಿಗ್ಗೆಯೇ ಹೋಗಿ. ಜೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳು ಪ್ರಸಿದ್ಧವಾಗಿವೆ. ಪ್ರಾರ್ಥನೆಯ ಹೊತ್ತನ್ನು ಬಿಟ್ಟು ಹೋಗಿ, ಒಳಗೆ ಬರಬಹುದೇ ಎಂದು ಕೇಳಿಕೊಳ್ಳುವುದು ಸೌಜನ್ಯ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಯಾರೂ ಹೇಳದಿದ್ದ ಒಂದು ಸಂಗತಿ. ಹಳೆಯ ಮನೆಯೊಂದರ ದುರಸ್ತಿಗೆಂದು ಇಳಿಸಿದ್ದ ಹೆಂಚುಗಳನ್ನು ಹಾದಿಬದಿ ಒಟ್ಟಿದ್ದರು. ಒಂದನ್ನು ತಿರುವಿ ಹಾಕಿದಾಗ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಅಚ್ಚು ಕಂಡಿತು. ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ನದೀತೀರದ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಆಮೇಲೆ ನನಗೆ ಅಂಗಡಿಗಳಿಗಿಂತ ಮನೆಗಳ ಹೆಂಚಿನ ಮಾಡುಗಳನ್ನೇ ನೋಡುತ್ತ ನಡೆಯುವ ಚಟ ಹತ್ತಿತು.

ಕಡಲನ್ನು ನೋಡಲೇಬೇಕೆಂದರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಆಟೋದಲ್ಲಿ ಹೋಗಿ. ಶತ್ರುನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ತಡೆಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಗೋಪುರ ಅದು. ಗೋಪುರ ಸಣ್ಣದು, ಹತ್ತು ನಿಮಿಷ ಸಾಕು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿದರೆ ತಣ್ಣೀರುಬಾವಿ. ಆಚೆ ದಡದಿಂದ ಹೊರಡುವ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ದಾಟುವ ಮೊದಲೇ ವಿಚಾರಿಸಿ, ಏಕೆಂದರೆ ಡಿಸೆಂಬರಿನಲ್ಲಿ ಸಂಜೆ ಆರೂಕಾಲರೊಳಗೆ ಸೂರ್ಯ ಮುಳುಗಿರುತ್ತಾನೆ.

ಮತ್ತೊಬ್ಬರು ಸೇರಿಸಿದ್ದು: ಪಿಲಿಕುಳದ ಮೃಗಾಲಯವನ್ನು ಸೋಮವಾರಕ್ಕೆ ಇಟ್ಟುಕೊಳ್ಳಬೇಡಿ, ಅಂದು ರಜೆ. ಇನ್ನೊಂದು ಮಾತು: ನೀವು ಬರುವ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ನಡೆದಿರುತ್ತದೆ. ನಾನು ಒಮ್ಮೆ ರಾತ್ರಿ ಕೋಣೆಗೆ ಮರಳುವಾಗ ಚೆಂಡೆಯ ಸದ್ದು ಕೇಳಿ ಆಟೋದಿಂದ ಇಳಿದೆ. ಯಾರೋ ಹರಕೆಯ ಆಟ ಆಡಿಸುತ್ತಿದ್ದರು (ಇಲ್ಲಿ ಯಕ್ಷಗಾನಕ್ಕೆ ‘ಆಟ’ ಎನ್ನುತ್ತಾರೆ). ಆ ಮನೆಯವರ ಪರಿಚಯ ನನಗಿರಲಿಲ್ಲ, ಆದರೂ ತುಳುವಿನಲ್ಲಿ ‘ಬಲೆ, ಕುಲ್ಲುಲೆ’ (ಬನ್ನಿ, ಕುಳಿತುಕೊಳ್ಳಿ) ಎಂದು ಕುರ್ಚಿ ಕೊಟ್ಟರು, ಊಟ ಮಾಡದೆ ಏಳಲು ಬಿಡಲಿಲ್ಲ. ವಸತಿಗೃಹದ ಸಿಬ್ಬಂದಿಯನ್ನೋ ಆಟೋ ಚಾಲಕರನ್ನೋ ‘ಇವತ್ತು ಹತ್ತಿರದಲ್ಲಿ ಎಲ್ಲಿ ಆಟ?’ ಎಂದು ಕೇಳಿ ನೋಡಿ. ಕಾಲಮಿತಿಯ ಆಟವಾದರೆ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ತಾಯಿಯವರಿಗೆ ಒಂದು ಶಾಲು ಇರಲಿ.