ಯಾರ್ಡ್‌ನ ಐಸ್ ಮೇಲೆ ಜಾರಿ ಬಿದ್ದೆ, ರಿಪೋರ್ಟ್ ಮಾಡಲೋ ಬೇಡವೋ?

ಕೇಳಿದವರು: ಅಮೆರಿಕದ ಮಿನೆಸೋಟದಲ್ಲಿ ರೈಲು ಕಂಪನಿಯೊಂದರಲ್ಲಿ ಕಂಡಕ್ಟರ್ ಆಗಿದ್ದೇನೆ. ಸೇರಿ ಎಂಟೇ ತಿಂಗಳು. ನಿನ್ನೆ ರಾತ್ರಿ ವ್ಯಾಗನ್ ಇಳಿಯುವಾಗ ಐಸ್ ಮೇಲೆ ಕಾಲು ಜಾರಿ ಮೊಣಕಾಲು ತಿರುಚಿಕೊಂಡಿತು. "ಸಣ್ಣ ಉಳುಕು, ಎರಡು ದಿನ ನೋಡು" ಅಂದರು ಮೇಲಿನವರು. ರಿಪೋರ್ಟ್ ಮಾಡಿದರೆ ಕೆಲಸ ಹೋಗುತ್ತೆ ಅಂತ ಭಯ. ಗೊತ್ತಿದ್ದವರು ಹೇಳಿ.

ಮೊದಲ ಉತ್ತರ: ಎರಡು ದಿನ ಕಾಯಬೇಡಿ, ಇವತ್ತೇ ಬರೆದುಕೊಡಿ. ನಾನು ಕಾದು ಕೆಟ್ಟವನು. ಒಂದು ಜನವರಿಯ ಬೆಳಗಿನ ಜಾವ, ರೈಲಿನ ಹಳಿ ಬದಲಿಸುವ ಸ್ವಿಚ್ ಪಾಯಿಂಟ್ ಸಂದಿಯಲ್ಲಿ ಹಿಮ ಕಲ್ಲಿನ ಹಾಗೆ ಕೂತಿತ್ತು. ಹ್ಯಾಂಡಲ್ ಅರ್ಧಕ್ಕೇ ನಿಂತಿತು. ಮೈಭಾರವೆಲ್ಲ ಹಾಕಿ ಎಳೆದೆ, ಸೊಂಟದಲ್ಲಿ ಚಳಕ್ ಅಂತು. ಸುಮ್ನೆ ಮನೆಗೆ ಹೋದೆ. ನಾಲ್ಕನೇ ದಿನ ಬೂಟಿನ ದಾರ ಕಟ್ಟಲು ಬಗ್ಗೋಕೂ ಆಗಲಿಲ್ಲ. ಆಗ ಹೇಳಿದರೆ, "ಮನೆ ಮುಂದೆ ಹಿಮ ತೆಗೆಯುವಾಗ ಆಗಿರಬಹುದಲ್ವಾ?" ಅಂದರು. ಅಷ್ಟರಲ್ಲಿ ಸ್ವಿಚ್ ಹತ್ತಿರದ ಐಸ್ ಕರಗಿ ಹೋಗಿತ್ತು. ತೋರಿಸಲು ಏನೂ ಇರಲಿಲ್ಲ. ತಡವಾಗಿ ಹೇಳಿದ್ದೇ ತಪ್ಪು ಅಂತ ನನ್ನ ಮೇಲೇ ವಿಚಾರಣೆ ಬಂತು.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ನಿಮ್ಮ ಕಡೆಗಿದೆ. ಕೆಲಸದಲ್ಲಿ ಆದ ಪೆಟ್ಟನ್ನು ತಿಳಿಸಿದ್ದಕ್ಕೆ ಶಿಕ್ಷೆ ಕೊಡುವುದು, ಚಿಕಿತ್ಸೆಗೆ ಅಡ್ಡ ಬರುವುದು, ಎರಡನ್ನೂ ಫೆಡರಲ್ ರೈಲ್‌ರೋಡ್ ಸೇಫ್ಟಿ ಆ್ಯಕ್ಟ್ ತಡೆಯುತ್ತದೆ. ಆಸ್ಪತ್ರೆಗೆ ಕರೆದೊಯ್ಯಿ ಅಂತ ಕೇಳಿದರೆ ಕಂಪನಿ ತಡಮಾಡದೆ ಕರೆದೊಯ್ಯಬೇಕು. ಕಿರುಕುಳ ಕೊಟ್ಟರೆ 180 ದಿನದೊಳಗೆ ಓಷಾಗೆ, ಅಂದರೆ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಗೆ, ದೂರು ಕೊಡಿ. ಈ ಗಡುವು ದಾಟಿಸಬೇಡಿ.

ಪರಿಹಾರದ ದಾರಿ ಬೇರೆ. ಬೇರೆ ಕೆಲಸದವರಿಗೆ ಸಿಗುವ ವರ್ಕರ್ಸ್ ಕಾಂಪ್, ಅಂದರೆ ಯಾರ ತಪ್ಪು ಅಂತ ನೋಡದೆ ಕೊಡುವ ಪರಿಹಾರ, ನಮಗಿಲ್ಲ. ನಮಗಿರುವುದು ಪೆಟ್ಟಾದ ರೈಲು ನೌಕರರ ಪರಿಹಾರಕ್ಕಾಗಿ ಇರುವ 1908ರ ಫೆಲಾ ಕಾಯ್ದೆ. ಇದರಲ್ಲಿ ಕಂಪನಿಯ ನಿರ್ಲಕ್ಷ್ಯ ಸ್ವಲ್ಪವಾದರೂ ಇತ್ತು ಅಂತ ನಾವೇ ತೋರಿಸಬೇಕು. ದಾವೆ ಹೂಡಲು 3 ವರ್ಷ ಅವಕಾಶ. ಅದಕ್ಕೇ ಯಾವ ಟ್ರ್ಯಾಕ್, ಎಷ್ಟು ಹೊತ್ತು, ಉಪ್ಪು ಹಾಕಿದ್ದರಾ, ದೀಪ ಉರಿಯುತ್ತಿತ್ತಾ, ಜೊತೆಗೆ ಯಾರಿದ್ದರು, ಎಲ್ಲ ಇವತ್ತೇ ಬರೆದಿಡಿ. ಫೋಟೋ ಹಿಡಿಯೋಣ ಅಂತ ಡ್ಯೂಟಿಯಲ್ಲಿ ಫೋನ್ ತೆಗೆಯಲು ಹೋಗಬೇಡಿ, ಆ ನಿಯಮ ಬಹಳ ಬಿಗಿ.

ಎರಡನೇ ಉತ್ತರ: ಫಾರ್ಮ್‌ನಲ್ಲಿ "ನಾನೇ ಎಚ್ಚರ ತಪ್ಪಿದೆ" ಅಂತ ಸಂಕೋಚಕ್ಕೆ ಬರೆಯಬೇಡಿ. ನಿಮ್ಮ ತಪ್ಪು ಎಷ್ಟು ಪಾಲೋ ಅಷ್ಟು ಪರಿಹಾರ ಕಡಿಮೆಯಾಗುತ್ತದೆ. ಕಂಪನಿ ಪರವಾಗಿ ಪರಿಹಾರದ ವಿಷಯ ನೋಡುವ ಕ್ಲೇಮ್ ಏಜೆಂಟ್ ನಿಮ್ಮ ಹೇಳಿಕೆ ರೆಕಾರ್ಡ್ ಮಾಡುತ್ತೇನೆ ಅಂದರೆ, ಮೊದಲು ಯೂನಿಯನ್ ಪ್ರತಿನಿಧಿಗೆ ಫೋನ್ ಮಾಡಿ.

ಮೂರನೇ ಉತ್ತರ: ಬಿದ್ದದ್ದು ಮಾತ್ರ ಪೆಟ್ಟಲ್ಲ, ಚಳಿಗೆ ಬೆರಳು ಮರಗಟ್ಟಿದರೂ ರಿಪೋರ್ಟ್ ಮಾಡಿ. ನನ್ನ ತೋರುಬೆರಳ ತುದಿ ಮೇಣದ ಹಾಗೆ ಬಿಳಿಚಿತ್ತು. ನೋವೇ ಇರಲಿಲ್ಲ, ಅದಕ್ಕೇ ಕೆಲಸ ಮುಂದುವರಿಸಿಬಿಟ್ಟೆ. ಹಾಗಾದರೆ ಉಜ್ಜಬೇಡಿ, ಹೀಟರ್‌ಗೆ ಹಿಡಿಯಬೇಡಿ. ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. ಒಳಗೆ ಹೋಗಿ ಉಗುರುಬೆಚ್ಚಗಿನ ನೀರಲ್ಲಿಡಿ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಅದೇ ಬೆರಳನ್ನು ಮತ್ತೆ ಚಳಿಗೆ ಒಡ್ಡಬೇಡಿ.